ನೆರೆ, ಗಲಭೆ ಮತ್ತು ಇವತ್ತಿನ ರಾತ್ರಿ: ತುರ್ತು ಆಸರೆಯ ಸಮೀಕ್ಷೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮಲಪ್ರಭೆ, ಬೆಣ್ಣಿಹಳ್ಳ, ತುಪ್ಪರಿಹಳ್ಳ, ವರದಾ, ಧರ್ಮಾ, ಕುಮುದ್ವತಿ, ತುಂಗಭದ್ರೆ. ಮಳೆಗಾಲ ಜೋರಾದ ವರ್ಷ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಈ ಹೆಸರುಗಳ ಬೆನ್ನಿಗೇ ಊರು ಬಿಟ್ಟ ಜನರ ಸುದ್ದಿ ಬರುತ್ತದೆ. ಆಗ ಹುಬ್ಬಳ್ಳಿ–ಧಾರವಾಡದಿಂದ ಕಾಲೇಜಿನ ಹುಡುಗ ಹುಡುಗಿಯರು, ಯುವಕ ಮಂಡಳಿಯವರು, ಸ್ತ್ರೀಶಕ್ತಿ ಸಂಘದವರು, ನಿವೃತ್ತ ಮಾಸ್ತರರು ನೆರವಿಗೆ ಹೊರಡುತ್ತಾರೆ. ಏನು ಬೇಕಾಗಿದೆ ಎಂದು ತಿಳಿಯದೆ ಏನನ್ನೋ ಒಯ್ಯುವುದಕ್ಕಿಂತ ಮೊದಲು ನೋಡಿ ಬರುವುದು ಒಳ್ಳೆಯದು. ಹಾಗೆ ನೋಡಲು ಹೋಗುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಹಿಂಸಾಚಾರಕ್ಕೆ ಹೆದರಿ ಮನೆ ಬಿಟ್ಟವರ ವಿಷಯವೂ ಇದೆ. ಈಚಿನ ವರ್ಷಗಳಲ್ಲಿ ಈ ಎರಡು ಸಂಕಟಗಳು ಒಂದೇ ಜನರ ಮೇಲೆ ಬಿದ್ದದ್ದನ್ನು ನಾವು ನೋಡಿದ್ದೇವೆ.

ಆಸರೆಯ ಸಮೀಕ್ಷೆ ಅಂದರೆ ಬಿದ್ದ ಮನೆಗಳನ್ನು ಎಣಿಸುವುದೇ?

ಅದು ಪರಿಹಾರದ ಲೆಕ್ಕ. ಅದಕ್ಕೆ ಸರ್ಕಾರದ ತಂಡಗಳಿವೆ. ನಾವು ತಿಳಿಯಬೇಕಾದದ್ದು ಮೂರೇ ಸಂಗತಿ: ಇವತ್ತು ರಾತ್ರಿ ಯಾರು ಎಲ್ಲಿ ಮಲಗುತ್ತಾರೆ, ಅಲ್ಲಿ ಎಷ್ಟು ದಿನ ಇರಬಲ್ಲರು, ಮನೆಗೆ ಮರಳಲು ಅಡ್ಡಿ ಏನು. ಗೋಡೆ ಗಟ್ಟಿಯಾಗಿ ನಿಂತಿದ್ದರೂ ಅಡುಗೆಮನೆಯಲ್ಲಿ ಮೊಣಕಾಲುದ್ದ ರಾಡಿ ತುಂಬಿದ್ದರೆ ಆ ಮನೆಯವರಿಗೆ ಆಸರೆ ಬೇಕು. ಮನೆ ನೆಲಸಮವಾದರೂ ಮಗಳ ಊರಿನಲ್ಲಿ ಒಂದು ಕೋಣೆ ಸಿಕ್ಕಿದ್ದರೆ ಅವರಿಗೆ ತಾಡಪತ್ರಿಗಿಂತ ಜೋಳ, ಕೌದಿ, ಬಸ್ಸಿನ ಖರ್ಚು ಹೆಚ್ಚು ಉಪಯೋಗಕ್ಕೆ ಬರಬಹುದು. ಮನೆ ಎಣಿಸಿದರೆ ಈ ಎರಡು ಕುಟುಂಬಗಳ ಬಗ್ಗೆಯೂ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ಮನೆ ಬಿಟ್ಟವರಿಗೆ ಸರ್ಕಾರ ತೆರೆಯುವ ಕಾಳಜಿ ಕೇಂದ್ರದ ರಿಜಿಸ್ಟರಿನಲ್ಲಿ ಎಲ್ಲರ ಹೆಸರು ಇರುತ್ತದಲ್ಲ, ಅದು ಸಾಲದೆ?

ಸಾಲದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಮನೆ ಬಿಟ್ಟವರಲ್ಲಿ ಕೇಂದ್ರಕ್ಕೆ ಬರುವವರು ಒಂದು ಪಾಲು ಮಾತ್ರ. ಉಳಿದವರು ಎಲ್ಲಿರುತ್ತಾರೆ ಎಂದು ಊರಿನವರಿಗೆ ಗೊತ್ತಿರುತ್ತದೆ, ರಿಜಿಸ್ಟರಿಗೆ ಗೊತ್ತಿರುವುದಿಲ್ಲ.

ಮೊದಲನೆಯದಾಗಿ ದನಕರು ಇರುವವರು. ಎತ್ತು, ಎಮ್ಮೆ, ಕುರಿ ಬಿಟ್ಟು ಶಾಲೆಯ ಕೋಣೆಗೆ ಬರಲು ರೈತ ಒಪ್ಪುವುದಿಲ್ಲ. ಹೆಂಡತಿ ಮಕ್ಕಳನ್ನು ಕೇಂದ್ರಕ್ಕೆ ಕಳಿಸಿ ತಾನು ರಸ್ತೆಯ ಏರಿಯ ಮೇಲೋ ದಿಬ್ಬದ ಹೊಲದಲ್ಲೋ ಚಕ್ಕಡಿಯ ಕೆಳಗೆ ಮಲಗುತ್ತಾನೆ. ಬೀಗರ ಮನೆಗೆ ಹೋದವರು ಇನ್ನೊಂದು ಗುಂಪು. ಮೊದಲ ವಾರ ಬೀಗತನ ಚೆನ್ನಾಗಿ ನಡೆಯುತ್ತದೆ. ಎರಡನೇ ವಾರಕ್ಕೆ ಆ ಮನೆಯ ಹಿಟ್ಟೂ ಮುಗಿಯುತ್ತದೆ, ಬಂದವರಿಗೂ ಸಂಕೋಚ. ಆದ್ದರಿಂದ ಇಟ್ಟುಕೊಂಡವರ ಮನೆಯನ್ನೂ ಸಮೀಕ್ಷೆಯಲ್ಲಿ ಸೇರಿಸಬೇಕು. ಗುಡಿಯ ಕಟ್ಟೆ, ಮಠದ ಆವರಣ, ದರ್ಗಾದ ಅಂಗಳ, ಎಪಿಎಂಸಿ ಗೋದಾಮು, ಅರ್ಧ ಕಟ್ಟಿ ಬಿಟ್ಟ ಸಮುದಾಯ ಭವನ, ಇವೆಲ್ಲ ಕಡೆ ಹೋಗಿ ನೋಡಿ.

ಇನ್ನು ಗುಳೆ ಹೋದವರು. ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದ ಮನೆಯಲ್ಲಿ ಮುದುಕರು, ಮೊಮ್ಮಕ್ಕಳು ಮಾತ್ರ ಇರುತ್ತಾರೆ. ಬೀಗ ಹಾಕಿದ ಮನೆ ಕಂಡು ‘ಯಾರೂ ಇಲ್ಲ’ ಎಂದು ಬರೆದು ಮುಂದೆ ಹೋಗಬೇಡಿ. ಪಕ್ಕದ ಮನೆಯವರನ್ನು ಕೇಳಿ.

ಕೊನೆಯದು ಹೇಳಲು ನೋವಾಗುವ ಸಂಗತಿ. ಒಂದೇ ಸೂರಿನಡಿ ಊಟಕ್ಕೆ ಕೂರಲು ಹಿಂಜರಿಕೆ ಇರುವ ಊರುಗಳಲ್ಲಿ ದಲಿತ ಕೇರಿಯವರು, ಅಲೆಮಾರಿ ಕುಟುಂಬಗಳು ಕೇಂದ್ರದ ಒಳಗೆ ಬರದೆ ಹೊರಗೇ ಉಳಿಯುತ್ತಾರೆ. ಯಾರೂ ಬಾಯಿಬಿಟ್ಟು ‘ಬರಬೇಡಿ’ ಎಂದಿರುವುದಿಲ್ಲ. ಆದರೂ ಅವರು ಬರುವುದಿಲ್ಲ. ಪ್ರತಿ ಕೇರಿಗೂ ನಡೆದುಕೊಂಡೇ ಹೋಗಬೇಕು ಎನ್ನುವುದು ಇದಕ್ಕೇ.

ಯಾವಾಗ ಹೋಗಬೇಕು? ನೀರು ಇಳಿದ ಮೇಲೆ ಹೋದರೆ ಆಗದೇ?

ಎರಡು ಸಲ ಹೋಗಬೇಕು. ಮೊದಲ ಮೂರು ದಿನದೊಳಗೆ ಒಮ್ಮೆ: ಆಗ ಬೇಕಾದದ್ದು ಒರಟು ಅಂದಾಜು, ಬೇಗ ಸಿಗುವ ಅಂದಾಜು. ನೀರು ಇಳಿದು ಒಂದು ವಾರ ಕಳೆದ ಮೇಲೆ ಮತ್ತೊಮ್ಮೆ.

ಎರಡನೆಯ ಭೇಟಿಗೆ ನಮ್ಮ ಸೀಮೆಯಲ್ಲಿ ವಿಶೇಷ ಕಾರಣವಿದೆ. ನವಲಗುಂದ, ನರಗುಂದ, ರೋಣ ಭಾಗದ ಹಳೆಯ ಮನೆಗಳು ಮಣ್ಣಿನ ಗೋಡೆಯವು, ಮೇಲ್ಮುದ್ದಿಯವು. ಸೂರಿನ ಮೇಲೆ ಮಣ್ಣಿನ ಭಾರ, ಕೆಳಗೆ ನೀರು ಕುಡಿದ ಗೋಡೆ. ನೀರು ಇರುವಾಗ ನಿಂತಿದ್ದ ಮನೆ ನೀರು ಇಳಿದು ಬಿಸಿಲು ಬಿದ್ದ ಮೇಲೆ ಕುಸಿಯುತ್ತದೆ. ಒಳಗಿನ ಗೋಡೆ ಒಣಗುತ್ತಾ ಬಿರುಕು ಬಿಡುತ್ತದೆ, ಅಡಿಯ ಎರೆ ಮಣ್ಣು ನೀರಿಗೆ ಉಬ್ಬಿದ್ದು ಬಿಸಿಲಿಗೆ ಕುಗ್ಗುತ್ತದೆ. ‘ನೀರು ಹೋತು, ಮನೀಗೆ ಹೋಗ್ತೀವಿ’ ಎಂದು ಮರಳಿದವರ ಮೇಲೆ ಗೋಡೆ ಬೀಳುವುದು ಆಗಲೇ. ಮೊದಲ ಭೇಟಿಯಲ್ಲಿ ‘ಮನೆ ಸರಿ ಇದೆ’ ಎಂದು ಬರೆದುಕೊಂಡು ಬಂದಿದ್ದರೆ ಆ ಸಾಲನ್ನು ಎರಡನೇ ಭೇಟಿಯಲ್ಲಿ ಮತ್ತೆ ಪರೀಕ್ಷಿಸಿ. ಗೋಡೆಯ ಬುಡದಲ್ಲಿ ಮಣ್ಣು ಉದುರುತ್ತಿದ್ದರೆ, ಬಾಗಿಲ ಚೌಕಟ್ಟು ಓರೆಯಾಗಿದ್ದರೆ, ತೊಲೆಯ ತುದಿ ಗೋಡೆಯಿಂದ ಜಾರಿದ್ದರೆ ಒಳಗೆ ಮಲಗಬೇಡಿ ಎಂದು ಅಲ್ಲೇ ಹೇಳಿ.

ಜನರ ಹತ್ತಿರ ಏನು ಕೇಳಬೇಕು?

ಫಾರಂ ತೆಗೆದು ಹೆಸರು, ಆಧಾರ್ ಎಂದು ಶುರುಮಾಡಿದರೆ ಜನ ಪರಿಹಾರದವರು ಬಂದರು ಎಂದುಕೊಳ್ಳುತ್ತಾರೆ, ಉತ್ತರವೂ ಅದಕ್ಕೆ ತಕ್ಕಂತೆ ಬರುತ್ತದೆ. ಕುಳಿತು ಮಾತಾಡಿ. ‘ಅಕ್ಕಾರ, ನಿನ್ನಿ ರಾತ್ರಿ ಎಲ್ಲಿ ಮಕ್ಕೊಂಡಿದ್ರಿ? ಯಾರ್‍ಯಾರು ಇದ್ರಿ?’ ಈ ಒಂದು ಮಾತಿಗೆ ಬರುವ ಉತ್ತರದಲ್ಲಿ ಅರ್ಧ ಸಮೀಕ್ಷೆ ಇರುತ್ತದೆ. ನೆಲ ಒದ್ದೆ ಇತ್ತೇ, ಸೊಳ್ಳೆ ಇತ್ತೇ, ಹಾವು ಬಂತೇ, ಬಾಣಂತಿ ಎಲ್ಲಿದ್ದಳು, ಅಜ್ಜ ಯಾಕೆ ಬರಲಿಲ್ಲ, ಎಲ್ಲವೂ ತಾನಾಗಿ ಹೊರಬರುತ್ತದೆ.

ಆಮೇಲೆ ಕೇಳಬೇಕಾದದ್ದು: ಮನೆಯಿಂದ ಏನೇನು ಉಳಿಯಿತು, ಸಾಮಾನು ಕಾಯಲು ಯಾರು ಅಲ್ಲೇ ಉಳಿದಿದ್ದಾರೆ, ಇಲ್ಲಿಂದ ಎಬ್ಬಿಸಿದರೆ ಎಲ್ಲಿಗೆ ಹೋಗುತ್ತೀರಿ, ಮನೆಗೆ ಹೋಗಬೇಕಾದರೆ ಏನಾಗಬೇಕು. ‘ನಿಮಗ ಏನ ಬೇಕು?’ ಎಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಕೇಳಿದರೆ ನಿಮ್ಮ ಗಾಡಿಯಲ್ಲಿ ಏನಿರಬಹುದು ಎಂದು ಊಹಿಸಿ ಅದನ್ನೇ ಹೇಳುತ್ತಾರೆ.

ಕುಟುಂಬ ಎಂದರೆ ಒಂದು ಒಲೆ. ಒಂದೇ ಮನೆಯಲ್ಲಿ ಅಣ್ಣ ತಮ್ಮಂದಿರ ಎರಡು ಒಲೆ ಇದ್ದರೆ ಎರಡು ಕುಟುಂಬ ಎಂದು ಬರೆಯಿರಿ.

ಒಬ್ಬರಿಗೆ ಎಷ್ಟು ಜಾಗ ಬೇಕು ಎಂದು ಹೇಗೆ ಲೆಕ್ಕ ಹಾಕುವುದು?

ಜಗತ್ತಿನ ನೆರವು ಸಂಸ್ಥೆಗಳು ಬಳಸುವ ಸ್ಫಿಯರ್ ಮಾನದಂಡದಲ್ಲೂ, ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಹೊರಡಿಸಿದ ಕನಿಷ್ಠ ಮಾನದಂಡದಲ್ಲೂ ಸಂಖ್ಯೆ ಒಂದೇ: ಸೂರಿನ ಅಡಿಯಲ್ಲಿ ಒಬ್ಬರಿಗೆ 3.5 ಚದರ ಮೀಟರ್. ನಮ್ಮ ಅಳತೆಯಲ್ಲಿ ಸುಮಾರು 38 ಚದರ ಅಡಿ. 20 ಅಡಿಗೆ 20 ಅಡಿಯ ಶಾಲಾ ಕೋಣೆ ಅಂದರೆ 400 ಚದರ ಅಡಿ, ಅದರಲ್ಲಿ 10 ಜನ. ಅಂಥ ಐದು ಕೋಣೆಯ ಶಾಲೆಯಲ್ಲಿ 50 ಜನ. ಒಂದು ಕೇರಿಯಿಂದ 300 ಜನ ಬಂದರೆ 30 ಕೋಣೆ ಬೇಕು. ಈ ಲೆಕ್ಕ ಕೈಯಲ್ಲಿ ಹಿಡಿದು ಕೇಂದ್ರದೊಳಗೆ ಹೋದರೆ ಇಕ್ಕಟ್ಟು ಎಷ್ಟೆಂದು ತಕ್ಷಣ ಗೊತ್ತಾಗುತ್ತದೆ, ಮತ್ತೊಂದು ಕಟ್ಟಡ ತೆರೆಯಿರಿ ಎಂದು ಕೇಳಲು ಆಧಾರವೂ ಸಿಗುತ್ತದೆ.

ಬಯಲಲ್ಲಿ ಟೆಂಟಿನ ಶಿಬಿರವಾದರೆ ದಾರಿ, ಶೌಚಾಲಯ, ಅಡುಗೆ, ಎಲ್ಲ ಸೇರಿ ಒಬ್ಬರಿಗೆ 45 ಚದರ ಮೀಟರ್, ಹೆಚ್ಚುಕಡಿಮೆ ಅರ್ಧ ಗುಂಟೆ. 500 ಜನರಿಗೆ ಐದೂವರೆ ಎಕರೆ ಬೇಕಾಗುತ್ತದೆ. ಟೆಂಟಿನಿಂದ ಟೆಂಟಿಗೆ ಕನಿಷ್ಠ 2 ಮೀಟರ್ ಅಂತರ ಬಿಡಬೇಕು. ಬೆಂಕಿ ಹಬ್ಬಿದರೆ ತಡೆಯಲು ಪ್ರತಿ 300 ಮೀಟರಿಗೆ 30 ಮೀಟರ್ ಬಯಲು ಬಿಡಬೇಕು.

ಶೌಚಾಲಯ ನಮ್ಮ ರಾಷ್ಟ್ರೀಯ ಮಾನದಂಡದಂತೆ 30 ಜನರಿಗೆ ಒಂದು, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ, 50 ಮೀಟರಿಗಿಂತ ದೂರ ಇರಬಾರದು.

ಎಲ್ಲರೂ ಶಾಲೆಯನ್ನೇ ಯಾಕೆ ಕೇಂದ್ರ ಮಾಡುತ್ತಾರೆ?

ಪಕ್ಕಾ ಕಟ್ಟಡ, ಬಿಸಿಯೂಟದ ಅಡುಗೆಮನೆ, ನೀರಿನ ಟ್ಯಾಂಕು, ಬೀಗದ ಕೈ ಯಾರ ಹತ್ತಿರ ಇದೆ ಎಂದು ಎಲ್ಲರಿಗೂ ಗೊತ್ತು. ತೊಂದರೆ ಏನೆಂದರೆ ಶಾಲೆ ಮತ್ತೆ ಶುರುವಾಗಬೇಕು. ಹತ್ತು ದಿನ ಮೀರಿ ಉಳಿಯುವವರು ಯಾರು ಎಂದು ಸಮೀಕ್ಷೆಯಲ್ಲೇ ಗುರುತಿಸಿದರೆ ಅವರಿಗೆ ಕಲ್ಯಾಣ ಮಂಟಪ, ಬಾಡಿಗೆ ಮನೆ ಹುಡುಕಲು ಸಮಯ ಸಿಗುತ್ತದೆ.

ಶಿಬಿರಕ್ಕೆ ಜಾಗ ನೋಡುವಾಗ ಏನು ಗಮನಿಸಬೇಕು?

ಮಣ್ಣು. ಎರೆ ಭೂಮಿಯಲ್ಲಿ ಟೆಂಟು ಹಾಕಿದವರಿಗೆ ಗೊತ್ತು, ಒಂದು ಮಳೆಗೆ ಗೂಟ ಸಡಿಲಾಗುತ್ತದೆ, ನೀರು ಇಂಗುವುದಿಲ್ಲ, ನೀರಿನ ಟ್ಯಾಂಕರ್ ಒಳಗೆ ಬರುವುದಿಲ್ಲ, ಶೌಚದ ಗುಂಡಿ ತುಂಬಿ ಹೊರಗೆ ಹರಿಯುತ್ತದೆ.

ಇದೇ ಕಪ್ಪು ಮಣ್ಣು ದಕ್ಷಿಣ ಸುಡಾನಿನ ಬೆಂಟಿಯು ಎಂಬಲ್ಲಿಯೂ ಇದೆ. 2011ರಲ್ಲಿ ಸ್ವತಂತ್ರವಾದ ಆ ದೇಶದಲ್ಲಿ 2013ರ ಡಿಸೆಂಬರಿನಲ್ಲಿ ಅಂತರ್ಯುದ್ಧ ಶುರುವಾಯಿತು. ಜೀವ ಉಳಿಸಿಕೊಳ್ಳಲು ಜನ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನೆಲೆಯೊಳಗೆ ಓಡಿಬಂದರು. ಜಾಗ ಆರಿಸಿದ್ದು ನೆಲ ನೋಡಿ ಅಲ್ಲ, ಬಂದೂಕಿನಿಂದ ದೂರ ಇದೆ ಎಂದು. 2014ರ ಮಳೆಗಾಲದಲ್ಲಿ ಆ ತಗ್ಗು ನೆಲದ ಶಿಬಿರದಲ್ಲಿ ಜನ ಮೊಣಕಾಲುದ್ದ ಹೊಲಸು ನೀರಿನಲ್ಲಿ ಮಕ್ಕಳನ್ನು ಎತ್ತಿಕೊಂಡು ನಿಂತಿರಬೇಕಾಯಿತು. ಹೊರಗೆ ಹೋದರೆ ಗುಂಡು, ಒಳಗೆ ಇದ್ದರೆ ಕಾಲರಾದ ಭಯ. 2019ರಿಂದ ಅಲ್ಲಿ ವರ್ಷ ವರ್ಷವೂ ನೆರೆ ಬಂತು, ಲಕ್ಷಕ್ಕೂ ಹೆಚ್ಚು ಜನರಿದ್ದ ಆ ವಸತಿಯ ಸುತ್ತ ಮಣ್ಣಿನ ಒಡ್ಡು ಕಟ್ಟಿ ನೀರನ್ನು ತಡೆದು ನಿಲ್ಲಿಸಬೇಕಾಯಿತು.

ನಮಗೆ ಅದರಿಂದ ತಿಳಿಯುವುದಿಷ್ಟು: ಮೊದಲ ರಾತ್ರಿಗೆಂದು ಆರಿಸಿದ ಜಾಗದಲ್ಲೇ ಜನ ವರ್ಷಗಟ್ಟಲೆ ಉಳಿಯಬಹುದು. ಆದ್ದರಿಂದ ಗರಸು ನೆಲ, ನೂರು ಅಡಿಗೆ ಒಂದರಿಂದ ಐದು ಅಡಿ ಇಳಿಜಾರು, ಲಾರಿ ಬರುವ ದಾರಿ, ಈ ಮೂರನ್ನು ಮೊದಲೇ ನೋಡಿ. ಹಿಂದಿನ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಊರಿನ ಹಿರಿಯರನ್ನು ಕೇಳಿ. 2009ರ ನೀರಿನ ಗುರುತನ್ನು ಹೊಳೆಸಾಲಿನ ಊರುಗಳಲ್ಲಿ ಜನ ಇವತ್ತಿಗೂ ಕೈಮಾಡಿ ತೋರಿಸುತ್ತಾರೆ.

ತಾಡಪತ್ರಿ ಕೊಡುವುದೋ, ತಗಡಿನ ಶೆಡ್ಡೋ, ದುಡ್ಡೋ?

ಯಾರಿಗೆ, ಎಷ್ಟು ದಿನಕ್ಕೆ ಎಂಬುದರ ಮೇಲೆ ಹೋಗುತ್ತದೆ. ಮನೆಯ ಹತ್ತಿರವೇ ಉಳಿದು ಸಾಮಾನು, ದನ ಕಾಯುವವರಿಗೆ ತಾಡಪತ್ರಿ ಬೇಕು. ರೆಡ್ ಕ್ರಾಸ್‌ನಂಥ ಸಂಸ್ಥೆಗಳು ಹಂಚುವ ಅಳತೆ 4 ಮೀಟರಿಗೆ 6 ಮೀಟರ್. ಇಳಿಜಾರಾಗಿ ಕಟ್ಟಿದಾಗ ಅದರಡಿ ಸಿಗುವ ನೆಲ ಕಡಿಮೆಯಾಗುವುದರಿಂದ ಒಂದು ಕುಟುಂಬಕ್ಕೆ ಎರಡು ಲೆಕ್ಕ ಹಿಡಿಯಿರಿ. ಹಗ್ಗ, ಗಳ, ಗುದ್ದಲಿ ಇಲ್ಲದೆ ಬರೀ ತಾಡಪತ್ರಿ ಕೊಟ್ಟರೆ ಅದು ಸಾಮಾನು ಮುಚ್ಚುವುದಕ್ಕಷ್ಟೇ ಆಗುತ್ತದೆ.

ತಗಡಿನ ಶೆಡ್ಡು ಆಗಸ್ಟಿನಲ್ಲಿ ಸರಿ ಎನ್ನಿಸುತ್ತದೆ. ಗದಗ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಅದರೊಳಗೆ ಕೂಸು ಮಲಗಿಸಲು ಆಗುವುದಿಲ್ಲ. ಶೆಡ್ಡು ಶಿಫಾರಸು ಮಾಡುವುದಾದರೆ ಎತ್ತರದ ಮಾಡು, ಎದುರುಬದುರು ಕಿಟಕಿ, ತಗಡಿನ ಮೇಲೆ ಕಣಕಿಯ ಹೊದಿಕೆ ಕೂಡ ಶಿಫಾರಸಿನಲ್ಲಿ ಇರಲಿ. ತಾಲ್ಲೂಕು ಕೇಂದ್ರದಲ್ಲಿ ಬಾಡಿಗೆ ಮನೆ ಸಿಗುವ ಕಡೆ ಕೆಲವು ತಿಂಗಳ ಬಾಡಿಗೆ ಕೊಡುವುದೇ ಅಗ್ಗ ಮತ್ತು ಗೌರವದ ದಾರಿ ಎಂಬುದು ನನ್ನ ಅಭಿಪ್ರಾಯ.

2009ರ ನೆರೆಯ ಬಳಿಕ ಸರ್ಕಾರದ ‘ಆಸರೆ’ ಎಂಬ ಪುನರ್ವಸತಿ ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ನವಗ್ರಾಮಗಳು ಎದ್ದವು. ಅಲ್ಲಿಗೆ ಹೋಗದೆ ಹಳೆಯ ಊರಿನಲ್ಲೇ ಉಳಿದವರು ಅನೇಕರು. ಹೊಲ ದೂರ, ದನ ಕಟ್ಟಲು ಜಾಗ ಇಲ್ಲ, ಅಣ್ಣ ತಮ್ಮಂದಿರು ಇಬ್ಬರಿದ್ದರೆ ಮನೆ ಸಾಲದು. ಈ ಮಾತುಗಳನ್ನು ಮೊದಲ ವಾರದ ಸಮೀಕ್ಷೆಯಲ್ಲೇ ಕೇಳಿ ಬರೆದಿಟ್ಟರೆ ಮುಂದೆ ಕಟ್ಟುವವರಿಗೆ ದಾರಿ ತೋರಿಸಿದಂತೆ.

ನಮ್ಮ ಕಡೆ ಯುದ್ಧ ಇಲ್ಲ. ಸಂಘರ್ಷದ ವಿಷಯ ನಮಗೆ ಯಾಕೆ?

ಯುದ್ಧ ಬೇಕಾಗಿಲ್ಲ. ಊರಿನಲ್ಲಿ ಎರಡು ಗುಂಪಿನ ನಡುವೆ ಹೊಡೆದಾಟವಾಗಿ ಒಂದು ಓಣಿಯವರು ರಾತ್ರೋರಾತ್ರಿ ಬೀಗರ ಊರು ಸೇರಿದರೆ ಅವರೂ ಮನೆ ಬಿಟ್ಟವರೇ. ಮನೆ ಹಾಗೇ ಇದೆ, ಹೆಂಚು ಕೂಡ ಒಡೆದಿಲ್ಲ, ಆದರೆ ಒಳಗೆ ಮಲಗಲು ಧೈರ್ಯವಿಲ್ಲ. ಜೊತೆಗೆ ನಮ್ಮ ಜಿಲ್ಲೆಗಳಿಂದ ದೂರದ ರಾಜ್ಯಗಳಿಗೆ ನೆರವಿಗೆ ಹೋಗುವವರೂ ಇದ್ದಾರೆ.

ಮಣಿಪುರದಲ್ಲಿ 2023ರ ಮೇ 3ರಂದು ಶುರುವಾದ ಹಿಂಸಾಚಾರದಿಂದ ಸುಮಾರು 60,000 ಜನ ಮನೆ ಬಿಟ್ಟರು. ಕಣಿವೆಯವರು ಬೆಟ್ಟಕ್ಕೆ, ಬೆಟ್ಟದವರು ಕಣಿವೆಗೆ ಕಾಲಿಡಲಾಗದ ಸ್ಥಿತಿ ಬಂತು. ಶಾಲೆ ಕಾಲೇಜುಗಳು ಶಿಬಿರಗಳಾದವು. ಒಂದು ವರ್ಷದ ಬಳಿಕ, 2024ರ ಮೇ ಕೊನೆಯಲ್ಲಿ ರೀಮಲ್ ಚಂಡಮಾರುತದ ಮಳೆಗೆ ಇಂಫಾಲದಲ್ಲಿ ನೆರೆ ಬಂದಾಗಲೂ ಸಾವಿರಾರು ಜನ ಶಿಬಿರಗಳಲ್ಲೇ ಇದ್ದರು.

ನೆರೆಯವರಿಗೆ ‘ನೀರು ಯಾವಾಗ ಇಳಿಯುತ್ತದೆ’ ಎಂದು ಕೇಳಬಹುದು. ಹಿಂಸೆಗೆ ಹೆದರಿ ಬಂದವರಿಗೆ ಅಂಥ ದಿನಾಂಕ ಇರುವುದಿಲ್ಲ. ಟಿಬೆಟಿನಿಂದ ಬಂದವರಿಗಾಗಿ ಮುಂಡಗೋಡದಲ್ಲಿ ವಸತಿ ಶುರುವಾದದ್ದು 1966ರಲ್ಲಿ. ಅಲ್ಲಿ ಹುಟ್ಟಿ ಬೆಳೆದವರು ಈಗ ಹುಬ್ಬಳ್ಳಿಯ ಪೇಟೆಗೆ ಮೊಮ್ಮಕ್ಕಳನ್ನು ಕರೆತರುತ್ತಾರೆ. ಹೀಗಾಗಿ ಸಂಘರ್ಷದ ಸಮೀಕ್ಷೆಯಲ್ಲಿ ‘ಎಷ್ಟು ದಿನ’ ಎಂಬ ಕಾಲಂನಲ್ಲಿ ದೊಡ್ಡ ಅಂಕಿ ಬರೆಯಲು ಸಿದ್ಧರಿರಬೇಕು.

ಹಾಗಾದರೆ ಅಂಥ ಕಡೆ ಸಮೀಕ್ಷೆ ಹೇಗೆ ಬೇರೆ?

ನೆರೆ ಸಮೀಕ್ಷೆಯಲ್ಲಿ ಹೆಸರು, ಊರು, ಫೋಟೋ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದುಕೊಳ್ಳುತ್ತೇವೆ. ಇಲ್ಲಿ ಅದೇ ಅಪಾಯ. ಯಾವ ಜನ ಯಾವ ಕಟ್ಟಡದಲ್ಲಿದ್ದಾರೆ ಎಂಬ ಪಟ್ಟಿ ತಪ್ಪು ಕೈಗೆ ಹೋದರೆ ಅದು ಬೇಟೆಯ ನಕ್ಷೆಯಾಗುತ್ತದೆ. ಹೆಸರಿನ ಬದಲು ಕುಟುಂಬಕ್ಕೊಂದು ಸಂಖ್ಯೆ ಕೊಡಿ, ಜಾತಿ ಧರ್ಮದ ಕಾಲಂ ತೆಗೆದುಹಾಕಿ, ಮುಖ ಕಾಣುವ ಫೋಟೋ ತೆಗೆಯಬೇಡಿ, ಜಾಗದ ವಿವರ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಘಟನೆ ಹೇಗಾಯಿತು, ಯಾರು ಹೊಡೆದರು ಎಂದು ಕೆದಕುವುದು ಆಸರೆ ಸಮೀಕ್ಷೆಯ ಕೆಲಸವಲ್ಲ. ‘ಯಾವ ದಾರೀಲಿ ಹೋಗಾಕ ಅಂಜಿಕಿ ಆಗ್ತದ?’ ಎಂದು ಕೇಳಿದರೆ ಸಾಕು. ನಿಮ್ಮ ತಂಡದಲ್ಲಿ ಎರಡೂ ಕಡೆಯವರು ನಂಬುವ ಜನ ಇರಬೇಕು.

ನೆರೆಯೂ ಸೇರಿಕೊಂಡರೆ ಮತ್ತೊಂದು ತೊಡಕು. ಎತ್ತರದ ನೆಲ ಎದುರಾಳಿಗಳ ಕಡೆ ಇರಬಹುದು. ನಕ್ಷೆ ಹಿಡಿದು ‘ಇಲ್ಲಿ ಸುರಕ್ಷಿತ’ ಎಂದು ಬೆರಳಿಡುವ ಮೊದಲು ಅಲ್ಲಿಗೆ ಹೋಗಬೇಕಾದವರನ್ನು ಕೇಳಿ. ಒಣ ನೆಲಕ್ಕೆ ಹೋಗುವುದಕ್ಕಿಂತ ನೀರಿನಲ್ಲೇ ಇರುತ್ತೇವೆ ಎಂದು ಅವರು ಹೇಳಿದರೆ ಅದನ್ನು ಮೊಂಡುತನ ಎಂದು ಬರೆಯಬೇಡಿ.

ಹೆಂಗಸರ ಹತ್ತಿರ ಬೇರೆಯಾಗಿ ಮಾತಾಡಲೇಬೇಕೇ?

ಹೌದು, ಹೆಂಗಸರೇ ಮಾತಾಡಿಸಬೇಕು, ಗಂಡಸರು ಆಚೆ ಇರಬೇಕು. ಬಟ್ಟೆ ಬದಲಿಸಲು ಮರೆ ಇಲ್ಲ, ಶೌಚಕ್ಕೆ ಹೋಗಬೇಕಾಗುತ್ತದೆ ಎಂದು ಸಂಜೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದೇವೆ, ಶೌಚಾಲಯದ ಚಿಲಕ ಮುರಿದಿದೆ, ಮುಟ್ಟಿನ ಬಟ್ಟೆ ಒಣಗಿಸಲು ಜಾಗ ಇಲ್ಲ: ಇವು ಊರ ಹಿರಿಯರ ಮುಂದೆ ಬರುವ ಮಾತುಗಳಲ್ಲ. ಒಂದು ಪರದೆ, ಒಂದು ಚಿಲಕ, ಒಂದು ದೀಪ. ಇಷ್ಟು ಸಣ್ಣ ಖರ್ಚಿನ ಸಂಗತಿಗಳು ಪಟ್ಟಿಗೆ ಬರದೇ ಹೋಗುವುದು ಕೇಳದೇ ಇದ್ದುದರಿಂದಲೇ. ಅಂಗವಿಕಲರು, ಹಾಸಿಗೆ ಹಿಡಿದವರು, ಗರ್ಭಿಣಿಯರು ಎಲ್ಲಿದ್ದಾರೆ ಎಂದು ಆಶಾ ಕಾರ್ಯಕರ್ತೆ, ಅಂಗನವಾಡಿ ಅಕ್ಕ ನಿಖರವಾಗಿ ಹೇಳಬಲ್ಲರು.

ನಮ್ಮ ಸಮೀಕ್ಷೆಯಿಂದ ಮನೆ ಪರಿಹಾರ ಸಿಗುತ್ತದೆಯೇ?

ಇಲ್ಲ, ಸಿಗುತ್ತದೆ ಎಂಬ ಭಾವನೆಯನ್ನೂ ಮೂಡಿಸಬೇಡಿ. ಕಂದಾಯ ಇಲಾಖೆಯವರು ಇಂಜಿನಿಯರ್ ಜೊತೆ ಬಂದು ಹಾನಿಯನ್ನು ಎ, ಬಿ, ಸಿ ಎಂದು ವರ್ಗ ಮಾಡುತ್ತಾರೆ. 2019ರ ನೆರೆಯಲ್ಲಿ ಪೂರ್ತಿ ಹಾಳಾದ ಎ ವರ್ಗದ ಮನೆಗೆ 5 ಲಕ್ಷ ರೂಪಾಯಿ, ನೀರು ನುಗ್ಗಿದ ಮನೆಯವರಿಗೆ ತಕ್ಷಣದ ನೆರವಾಗಿ 10,000 ರೂಪಾಯಿ ಘೋಷಣೆಯಾಗಿತ್ತು. ಹಕ್ಕುಪತ್ರ ಇಲ್ಲದವರು, ಬಾಡಿಗೆಗೆ ಇದ್ದವರು, ಒಂದೇ ಉತಾರದಲ್ಲಿ (ಆಸ್ತಿಯ ದಾಖಲೆಯಲ್ಲಿ) ಇಬ್ಬರ ಹೆಸರಿರುವವರು ಈ ಹಾದಿಯಲ್ಲಿ ಸಿಕ್ಕಿಬೀಳುತ್ತಾರೆ. ಅಂಥವರನ್ನು ಗುರುತಿಸಿ ಬೇರೆ ಪಟ್ಟಿ ಮಾಡಿ ಕೊಡುವುದು ನಾವು ಮಾಡಬಹುದಾದ ಒಳ್ಳೆಯ ಕೆಲಸ. ರೇಷನ್ ಕಾರ್ಡು, ಪಾಸ್‌ಬುಕ್ಕು, ಉತಾರ ನೀರುಪಾಲಾಗಿದ್ದರೆ ಅದನ್ನೂ ಬರೆದುಕೊಳ್ಳಿ.

ವರದಿ ಯಾರಿಗೆ ಕೊಡಬೇಕು?

ಕೇಂದ್ರದ ನೋಡಲ್ ಅಧಿಕಾರಿ, ಗ್ರಾಮ ಪಂಚಾಯಿತಿಯ ಪಿಡಿಒ, ತಹಶೀಲ್ದಾರರ ಕಚೇರಿ. ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿಗಳೇ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು. ಜೀವಕ್ಕೆ ಅಪಾಯ ಕಂಡರೆ ವರದಿಗೆ ಕಾಯದೆ ಜಿಲ್ಲಾ ಸಹಾಯವಾಣಿ 1077ಕ್ಕೆ ಅಥವಾ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ.

ವರದಿ ಒಂದೇ ಪುಟ ಇರಲಿ. ಮೇಲೆ ಊರು, ದಿನಾಂಕ, ಎಷ್ಟು ಕುಟುಂಬ ಎಲ್ಲೆಲ್ಲಿ ಮಲಗುತ್ತಿವೆ. ಅದರ ಕೆಳಗೆ ನಾಳೆ ರಾತ್ರಿಯೊಳಗೆ ಆಗಬೇಕಾದದ್ದು, ಆಮೇಲೆ ಹತ್ತು ದಿನದಲ್ಲಿ ಆಗಬೇಕಾದದ್ದು. ನೀವು ಕಣ್ಣಾರೆ ಕಂಡದ್ದು ಯಾವುದು, ಬೇರೆಯವರು ಹೇಳಿದ್ದು ಯಾವುದು ಎಂದು ಬೇರೆ ಮಾಡಿ ತೋರಿಸಿ. ಹೋಗಲಾಗದ ಕೇರಿ, ದಾಟಲಾಗದ ಹಳ್ಳ ಇದ್ದರೆ ಅದನ್ನೂ ಬರೆಯಿರಿ. ಕೊಟ್ಟ ಎರಡು ಮೂರು ದಿನದೊಳಗೆ ಅದೇ ಊರಿಗೆ ಮರಳಿ ಹೋಗಿ, ಏನು ಬಂತು, ಏನು ಬರಲಿಲ್ಲ ಎಂದು ಕೇಳಿ, ಬರದೇ ಇದ್ದದ್ದರ ಪಟ್ಟಿ ಹಿಡಿದು ತಹಶೀಲ್ದಾರರ ಕಚೇರಿಗೆ ಮತ್ತೆ ಹೋಗಿ.